ದೋಷ ಕಂಡುಬಂದಿಲ್ಲ

ಕಂಪನಿಯ ಕಾಗದ ಮೂರೇ ಪ್ಯಾರಾ.
ಆಕ್ಸಿಲರೇಟರ್ ಪೆಡಲಿನ ಬುಡದಲ್ಲಿ ಒಂದು ಬುಶ್ಶು,
ಬಿಸಿಗೆ ಉಬ್ಬಬಹುದು,
ಸ್ಪ್ರಿಂಗು ಹಿಂದಕ್ಕೆಳೆಯದೆ ಇರಬಹುದು,
ಕಾಲು ತೆಗೆದರೂ ಥ್ರಾಟಲ್ ತೆರೆದೇ ಇರಬಹುದು.
ಗ್ರಾಹಕರನ್ನು ವಿನಯದಿಂದ ಕರೆಯಿರಿ.
ಅಪಾಯ ಎಂಬ ಪದ ಬಳಸಬೇಡಿ.

ಚಿಂತಾಮಣಿಯ ನಮ್ಮ ಶೆಡ್ಡಿನ ಪಾಲಿಗೆ ನಲವತ್ತೊಂದು ಗಾಡಿ.
ಬೆಳಗ್ಗೆಯಿಂದ ಫೋನು.
ಟೊಮೇಟೊ ಮಂಡಿಯ ಗಂಗಿರೆಡ್ಡಿ ಕೇಳಿದ, ಬಿಟ್ಟಿನಾ?
ಬಿಟ್ಟಿ, ಅಂದೆ.
ಹಂಗಾದ್ರೆ ವೈಪರ್ರೂ ನೋಡಿಬಿಡಿ.
ಕೈವಾರದ ಟೀಚರಮ್ಮನಿಗೆ ನಾಳೆ ಅಮಾವಾಸ್ಯೆ,
ಗಾಡಿ ಬಿಚ್ಚೋದು ಬೇಡವಂತೆ.
ಇಬ್ಬರು ಮೋಸದ ಕರೆಯೆಂದು ಬೈದು ಇಟ್ಟರು.

ಇಪ್ಪತ್ತೇಳನೆಯದು ಬಯ್ಯಣ್ಣ.
ನಂಬರಿನ ಮೇಲೆ ಬೆರಳಿಟ್ಟವನು ಊಟಕ್ಕೆ ಎದ್ದುಹೋದೆ.
ಬಂದು ಇಪ್ಪತ್ತೆಂಟಕ್ಕೆ ಮಾಡಿದೆ.

ಮೂರು ವರ್ಷದ ಹಿಂದೆ, ಏಪ್ರಿಲ್ಲಿನ ಹನ್ನೊಂದೂವರೆ ಬಿಸಿಲು.
ಅವನ ಗಾಡಿ ನಿಲ್ಲಬೇಕಾದಲ್ಲಿ ನಿಲ್ಲದೆ
ರೇಷನ್ ಅಂಗಡಿ ಮುಂದೆ ಅಕ್ಕಿಗೆ ನಿಂತ ಸಾಲನ್ನು ಸೀಳಿ
ಗೋಡೆಗೆ ಹೋಗಿ ನಿಂತಿತು.
ಅಚ್ಚಮ್ಮನ ಸೊಂಟ ಮುರಿಯಿತು.
ಬ್ರೇಕು ಅಂತ ಆಕ್ಸಿಲೇಟರ್ ತುಳಿದವ್ನೆ, ಅಂದಿತು ಊರು.
ಬಯ್ಯಣ್ಣನದು ಒಂದೇ ಮಾತು:
ಕಾಲು ತೆಗ್ದಿದ್ದೆ ಸಾರ್. ತೆಗ್ದಿದ್ದೆ.
ಅಚ್ಚಮ್ಮ ಆಸ್ಪತ್ರೆಯಲ್ಲಿ ಅಂದಳಂತೆ:
ಗಾಡಿ ಒಂದೇ ಸಮ ಕಿರುಚ್ತಿತ್ತು, ಒಳಗೆ ಅವನೂ.
ಅದನ್ನು ಬರೆದುಕೊಳ್ಳಲು ಯಾವ ಕಾಲಮ್ಮೂ ಇರಲಿಲ್ಲ.

ನನ್ನ ಹತ್ತಿರ ಗಾಡಿ ಬಂದದ್ದು ಮಾರನೆಯ ದಿನ,
ಸ್ಟೇಷನ್ನಿನ ಹೊಂಗೆಯ ಕೆಳಗೆ
ರಾತ್ರಿಯೆಲ್ಲ ತಣ್ಣಗಾಗಿ.
ಪೆಡಲ್ ಒತ್ತಿದೆ. ಬಿಟ್ಟೆ. ಮೇಲೆ ಬಂತು.
ಹತ್ತು ಸಲ ಒತ್ತಿದೆ. ಹತ್ತು ಸಲವೂ
ನೀರು ಕುಡಿದ ಹಸು ತಲೆಯೆತ್ತುವ ಹಾಗೆ ಬಂತು.
ಬರೆದೆ: ದೋಷ ಕಂಡುಬಂದಿಲ್ಲ.
ಸುಳ್ಳಲ್ಲ. ಕಂಡುಬಂದಿರಲಿಲ್ಲ.
ಕೆಳಗೆ ನನ್ನ ರುಜು, ದುಂಡಗೆ.

ಅವತ್ತಿಂದ ಬಯ್ಯಣ್ಣ ಸ್ಟೇರಿಂಗ್ ಮುಟ್ಟಿಲ್ಲ.
ಗಾಡಿಯ ಮೇಲೆ ಹೆಂಡತಿ ಹಾಗಲಬಳ್ಳಿ ಹಬ್ಬಿಸಿದ್ದಾಳೆ.
ಗೂಡಿನ ಮಾರ್ಕೆಟ್ಟಿನಲ್ಲಿ ತೂಕಕ್ಕೆ ನಿಲ್ಲುತ್ತಾನೆ.
ತಿಂಗಳ ಮೊದಲ ವಾರ ಅಚ್ಚಮ್ಮನ ಮಾತ್ರೆಗೆ ದುಡ್ಡು ಕೊಟ್ಟು,
ಅವಳು ಬೈಯುವುದನ್ನು ಕೂತು ಕೇಳಿ, ಕಾಫಿ ಕುಡಿದು ಬರುತ್ತಾನೆ.
ದಾರಿಯಲ್ಲಿ ಸಿಕ್ಕರೆ ಮೊದಲು ನಮಸ್ಕಾರ ಹೇಳುವುದೂ ಅವನೇ.
ಅದನ್ನು ತಪ್ಪಿಸಿಕೊಳ್ಳಲೆಂದೇ
ನಾನು ಎರಡು ವರ್ಷದಿಂದ ಕೆರೆ ಏರಿಯ ದಾರಿ ಹಿಡಿದಿದ್ದೇನೆ.

ಸಂಜೆಯಾದರೂ ಫೋನ್ ಮಾಡಲಿಲ್ಲ. ಹೋದೆ.
ಗಂಗಿರೆಡ್ಡಿಯ ಗಾಡಿಯಿಂದ ಬಿಚ್ಚಿದ ಬುಶ್ಶು ಜೇಬಿನಲ್ಲಿ.
ಮಾರ್ಕೆಟ್ಟು ಖಾಲಿಯಾಗಿತ್ತು. ಗೂಡಿನ ವಾಸನೆ,
ಟ್ಯೂಬ್‌ಲೈಟಿಗೆ ಹೊಳೆಯುವ ಒಂದು ಎಳೆ ಅವನ ಮೊಣಕೈಗೆ.
ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.
ಬಾಯಿಗೆ ಬಂದದ್ದು ಕಂಪನಿಯ ವಾಕ್ಯವೇ:
ನಿಮ್ಮ ವಾಹನವನ್ನು ಹಿಂದಕ್ಕೆ ಕರೆಯಲಾಗಿದೆ.

ಆಮೇಲೆ ಉಳಿದದ್ದು ಹೇಳಿದೆ. ಹೇಗೆ ಹೇಳಿದೆನೋ.

ಅಂಗೈ ಚಾಚಿದ. ಇಟ್ಟೆ.
ಹುಣಸೆಬೀಜದಷ್ಟು.
ತಿರುಗಿ, ಅದನ್ನು ತೂಕದ ಯಂತ್ರದ ಮೇಲೆ ಹಾಕಿದ.
ಸೊನ್ನೆ ಸೊನ್ನೆಯಾಗಿಯೇ ಇತ್ತು.
ಇದೇನಾ ಮೇಸ್ತ್ರಿ?
ಇದೇ.

ಚಪ್ಪಲಿ ಬಿಟ್ಟು, ಬಲಗಾಲಿನ ಹಿಮ್ಮಡಿ ಊರಿ,
ಸಿಮೆಂಟು ನೆಲವನ್ನು ಮುಂಗಾಲಲ್ಲಿ ಒತ್ತಿದ. ಎತ್ತಿದ.
ಒತ್ತಿದ. ಎತ್ತಿದ.
ಬೇರೆಯವರ ಕಾಲನ್ನು ಪರೀಕ್ಷೆ ಮಾಡುವವನಂತೆ
ಬಗ್ಗಿ ನೋಡುತ್ತಲೇ ಇದ್ದ.

ಅಚ್ಚಮ್ಮಂಗೆ ಹೇಳ್ಬೇಕು, ಅಂದ.
ನೀವೇ ಬನ್ನಿ. ನಾನು ಹೇಳಿದ್ರೆ ಅದು ಹಳೇ ಮಾತು.

ನನ್ನ ಬೈಕಿನ ಹಿಂದೆ ಕೂತ. ಮಾತಿಲ್ಲ.
ರೇಷನ್ ಅಂಗಡಿಯ ತಿರುವಿನಲ್ಲಿ
ನಾನು ಬ್ರೇಕ್ ಹಿಡಿಯುವ ಮೊದಲೇ
ಹಿಂದೆ ಅವನ ಕಾಲು ಫುಟ್‌ರೆಸ್ಟನ್ನು ತುಳಿಯಿತು.